ನಡುಗಡ್ಡೆಯಲ್ಲಿ ಸಿಕ್ಕ ನನ್ನ ಮುಖ

ಮುದ್ದೇಬಿಹಾಳದ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬ, ಮದುವೆ, ಅಂಗಡಿಯ ಉದ್ಘಾಟನೆ, ಚುನಾವಣೆಯಲ್ಲಿ ಗೆದ್ದವರಿಗೆ ಅಭಿನಂದನೆ, ತೀರಿಕೊಂಡವರಿಗೆ ಶ್ರದ್ಧಾಂಜಲಿ, ಯಾವುದಕ್ಕೆ ಬಂದರೂ ಸಂಜೆಯೊಳಗೆ ಛಾಪಿಸಿ ಕೊಡುತ್ತೇನೆ. ಇಂಥವನು ಪ್ಲಾಸ್ಟಿಕ್ ಕಸದ ವಿರುದ್ಧದ ಅಭಿಯಾನದಲ್ಲಿ ಮುಂದಿನ ಸಾಲಿನಲ್ಲಿ ನಿಂತ ಎಂದರೆ ನಮ್ಮ ಊರವರು ಈಗಲೂ ನಗುತ್ತಾರೆ. ಅವರದೇನೂ ತಪ್ಪಿಲ್ಲ. ನಾನು ಅದರೊಳಗೆ ಕಾಲಿಟ್ಟದ್ದು ಪರಿಸರದ ಮೇಲಿನ ಪ್ರೀತಿಯಿಂದಲ್ಲ, ಫೋಟೋದ ಆಸೆಯಿಂದ.

ಯಾರಾದರೂ ಒಳ್ಳೆಯ ಕೆಲಸಕ್ಕೆಂದು ಫ್ಲೆಕ್ಸ್ ಕೇಳಿದರೆ ನಾನು ಪುಕ್ಕಟೆ ಮಾಡಿಕೊಡುತ್ತೇನೆ. ಆದರೆ ಕೆಳಗಿನ ಸಾಲಿನಲ್ಲಿ, 'ಶುಭ ಕೋರುವವರು' ಎಂಬಲ್ಲಿ, ನನ್ನದೂ ಒಂದು ಫೋಟೋ ಮತ್ತು ಅಂಗಡಿಯ ಫೋನ್ ನಂಬರು ಕೂಡಿಸುತ್ತೇನೆ. ಆ ಫೋಟೋ ತೆಗೆಸಿ ಬಹಳ ವರ್ಷಗಳಾದವು. ಅದರಲ್ಲಿ ನನಗೆ ತಲೆತುಂಬ ಕೂದಲಿದೆ, ಕೊರಳು ಎಂಬ ಒಂದು ಅಂಗವೂ ಇದೆ. ಹೊಸ ಫೋಟೋ ಹಾಕೋಣ ಎಂದು ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ವಿನ್ಯಾಸ ಮಾಡುವವಳು ಅವಳೇ. ಗಿರಾಕಿಗಳ ಜೊತೆ ಮಾತಾಡುವುದು, ಚಹಾ ತರಿಸುವುದು ನನ್ನ ಪಾಲಿನ ಕೆಲಸ.

ದೀಪಾವಳಿಯ ಗದ್ದಲ ಮುಗಿದು ನೊಣ ಹೊಡೆಯುತ್ತ ಕೂತಿದ್ದ ಒಂದು ದಿನ ನಮ್ಮ ಬಾಯಾರು ಅಂಗಡಿಗೆ ಬಂದರು. ನಮ್ಮ ಕಡೆ ಟೀಚರಮ್ಮನಿಗೆ ಬಾಯಾರು ಎನ್ನುತ್ತಾರೆ. ಅವರು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ನಿವೃತ್ತರಾದವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಮೈದಾನದಲ್ಲಿ ಸೀಟಿ, ಇವಿಷ್ಟು ಅವರ ಭಾಷೆಗಳು. ನಿವೃತ್ತಿಯಾದರೂ ಸೀಟಿ ಕೊರಳಿನಿಂದ ಇಳಿದಿಲ್ಲ. ನನಗೂ ಅವರು ಕಲಿಸಿದ್ದಾರೆ, ಅಂದರೆ ನನ್ನನ್ನೂ ಮೈದಾನದ ಸುತ್ತ ಓಡಿಸಿದ್ದಾರೆ. ಅವರನ್ನು ಕಂಡರೆ ಇಂದಿಗೂ ನನ್ನ ಹೊಟ್ಟೆ ತಾನಾಗಿ ಒಳಗೆ ಹೋಗುತ್ತದೆ.

"ಏನೋ, ಊರೆಲ್ಲಾ ನಿನ್ನ ಫ್ಲೆಕ್ಸೇ ಕಾಣಸ್ತಾವಲ್ಲ. ನನಗೂ ಒಂದು ಮಾಡಿಕೊಡು," ಅಂದರು.

"ಯಾರದ್ರಿ ಬಾಯಾರ, ಹುಟ್ಟಿದ ಹಬ್ಬ?"

"ಯಾರದೂ ಅಲ್ಲ. ಆ ನಡುಗಡ್ಡಿ ತಿಪ್ಪಿ ಆಗೇತಿ. ಎಳ್ಳಮಾಸಿ ಬರೂದ್ರಾಗ ಅದನ್ನ ಸ್ವಚ್ಛ ಮಾಡಿ, ಅಲ್ಲಿಗೆ ಪ್ಲಾಸ್ಟಿಕ್ ಒಯ್ಯೂದ ಬಂದ್ ಮಾಡಸಬೇಕಂತ ಮಾಡೇವಿ."

ಅವರು ಹೇಳಿದ ನಡುಗಡ್ಡೆ ಕೃಷ್ಣೆಯ ಹಿನ್ನೀರಿನಲ್ಲಿದೆ. ನೀರು ಬಂದು ನಿಲ್ಲುವ ಮೊದಲು ಅದೊಂದು ದಿಬ್ಬವಾಗಿತ್ತಂತೆ. ಕೆಳಗಿದ್ದ ಊರು ಬೇರೆ ಕಡೆ ಎದ್ದು ಹೋಯಿತು. ದಿಬ್ಬದ ತಲೆಯೂ ಅದರ ಮೇಲಿನ ಸಣ್ಣ ಕಲ್ಲಿನ ಗುಡಿಯೂ ಒಂದೆರಡು ಬೇವಿನ ಮರಗಳೂ ನೀರಿನ ನಡುವೆ ಉಳಿದವು. ಗುಡಿಯ ದೇವರು ನಾಲ್ಕು ತಾಲೂಕಿನ ಎಷ್ಟೋ ಮನೆತನಗಳಿಗೆ ಮನೆದೇವರು. ಎಳ್ಳ ಅಮಾವಾಸ್ಯೆಗೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯಿಂದೆಲ್ಲ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ದೋಣಿ ಹತ್ತಿ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಉಂಡು ಬರುತ್ತಾರೆ. ಒಯ್ದ ರೊಟ್ಟಿ ಹೊಟ್ಟೆಗೆ ಹೋಗುತ್ತದೆ. ಉಳಿದ ಪ್ಲಾಸ್ಟಿಕ್ಕು ದೇವರ ಪಾಲಾಗುತ್ತದೆ. ನಡುಗಡ್ಡೆಯ ಮೇಲೆ ಕಸದ ಗಾಡಿ ಬರುವುದಿಲ್ಲವಲ್ಲ.

"ಫ್ಲೆಕ್ಸ್ ನಂದು ಪುಕ್ಕಟೆ ಸೇವಾರಿ ಬಾಯಾರ. ನಾನೂ ಬರ್ತೇನ್ರಿ," ಅಂದುಬಿಟ್ಟೆ. ಪೇಪರಿನಲ್ಲಿ ಸುದ್ದಿ ಬರಬಹುದು, ನಾಲ್ಕು ತಾಲೂಕಿನ ಗಿರಾಕಿಗಳು ನೋಡಬಹುದು ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು.

ಮಾರನೆಯ ದಿನ ಫ್ಲೆಕ್ಸ್ ಮಶೀನಿನಿಂದ ಹೊರಗೆ ಬಂತು. 'ಪ್ಲಾಸ್ಟಿಕ್ ಬಿಡಿ, ನಡುಗಡ್ಡೆ ಉಳಿಸಿ' ಎಂದು ಹಸಿರು ಅಕ್ಷರ, ಹಿಂದೆ ನೀಲಿ ನೀರು, ಮೂಲೆಯಲ್ಲಿ ನಮ್ಮ ನದಿ ಎಂದೂ ಕಾಣದ ಒಂದು ಡಾಲ್ಫಿನ್ ಮೀನು. ಕೆಳಗೆ ನಾನು. ನನ್ನ ಹೆಂಡತಿ ಅದನ್ನು ಸುರುಳಿ ಸುತ್ತುತ್ತ, "ಏನ್ರಿ, ಪ್ಲಾಸ್ಟಿಕ್ ಬಿಡ್ರಿ ಅಂತ ಪ್ಲಾಸ್ಟಿಕ್ ಮ್ಯಾಲೇ ಬರದೇವಲ್ರಿ?" ಅಂದಳು.

"ಯಾರು ನೋಡ್ತಾರ ಅದನ್ನೆಲ್ಲಾ? ಅಕ್ಷರಾ ಓದ್ತಾರ."

"ಬಾಯಾರು ನೋಡ್ತಾರ."

"ನೀ ಬಾಯಿ ಮುಚ್ಚಿಕೊಂಡಿದ್ರ ಬಾಯಾರೂ ನೋಡೂದಿಲ್ಲ."

ಆ ಭಾನುವಾರ ದಂಡೆಗೆ ಹೋದಾಗ ಜನ ಚೆನ್ನಾಗಿಯೇ ಕೂಡಿದ್ದರು. ಬಸವನ ಬಾಗೇವಾಡಿಯ ಮಸೂತಿ, ಇಂಗಳೇಶ್ವರದ ಕಡೆಯವರು ಒಂದು ಟೆಂಪೋ ಮಾಡಿಕೊಂಡು ಬಂದಿದ್ದರು. ಸಿಂದಗಿಯಿಂದ ಬಂದವರಲ್ಲಿ ಮೋರಟಗಿಯ ಕೆಲವು ಹೆಣ್ಣುಮಕ್ಕಳು ಸೊಂಟಕ್ಕೆ ಸೆರಗು ಬಿಗಿದುಕೊಂಡು ಆಗಲೇ ತಯಾರಾಗಿ ನಿಂತಿದ್ದರು. ಇಂಡಿಯ ಗುಂಪಿಗೆ ಒಬ್ಬ ಲಿಂಬೆತೋಟದ ಕಾಕಾ ಮುಂದಾಳು. ಅವರು ಲಿಂಬೆಹಣ್ಣು ತುಂಬುವ ಗೋಣಿಚೀಲಗಳನ್ನು ಕಟ್ಟುಕಟ್ಟಾಗಿ ಹೊತ್ತು ತಂದಿದ್ದರು. ನನ್ನ ಹೆಂಡತಿ ಹಳೆಯ ಸೀರೆ ಉಟ್ಟು, ಕೈಗೆ ರಬ್ಬರಿನ ಗ್ಲೌಸು ಹಾಕಿಕೊಂಡಿದ್ದಳು. ನಾನು ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಟ್ಟು, ಬಗಲಲ್ಲಿ ಫ್ಲೆಕ್ಸ್ ಹಿಡಿದು, ಮದುವೆಗೆ ಬಂದ ಬೀಗರ ಹಾಗೆ ನಿಂತಿದ್ದೆ. ದೋಣಿ ಹತ್ತುವ ಮೊದಲು ಬಾಯಾರು ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೀಟು ಹಾಕಿಸಿದರು. ನನ್ನ ಇಸ್ತ್ರಿ ಅಲ್ಲಿಗೆ ಮುಗಿಯಿತು. ಜಾಕೀಟಿನ ಗುಂಡಿ ಮಾತ್ರ ನನ್ನ ಹೊಟ್ಟೆಯ ಮೇಲೆ ಕೂಡಲೇ ಇಲ್ಲ.

ದೋಣಿ ನಡುನೀರಿಗೆ ಬಂದಾಗ ನನಗೊಂದು ಯೋಚನೆ ಹೊಳೆಯಿತು. ಹಿಂದೆ ಇನ್ನೊಂದು ದೋಣಿ ಬರುತ್ತಿದೆ. ನೀರಿನ ಮೇಲೆ, ದೋಣಿಯಲ್ಲಿ, ಫ್ಲೆಕ್ಸ್ ಬಿಡಿಸಿ ಹಿಡಿದು ಫೋಟೋ ತೆಗೆಸಿದರೆ ಹೇಗಿರುತ್ತದೆ! ಇಂಡಿಯ ಕಾಕಾರಿಗೆ ಒಂದು ತುದಿ ಕೊಟ್ಟೆ. ಇನ್ನೊಂದು ತುದಿ ಹಿಡಿದು ಎದ್ದು ನಿಂತೆ.

ಚುಕ್ಕಾಣಿ ಹಿಡಿದಿದ್ದ ಅಂಬಿಗ ನನ್ನ ಕಡೆ ನೋಡಿ ಕೂಗಿದ. "ಏ ಪೇಂಟರ್, ಕುಂದ್ರಪಾ! ಗಾಳಿ ಐತಿ!"

"ಒಂದ ಫೋಟೋ ಅಷ್ಟೇ!"

ಹಿನ್ನೀರಿನ ಮೇಲೆ ಗಾಳಿಗೆ ಅಡ್ಡ ಇರುವುದಿಲ್ಲ ಎಂಬುದು ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಬದುಕುವವನಿಗೆ ಹೇಗೆ ತಿಳಿಯಬೇಕು? ಫ್ಲೆಕ್ಸ್ ಪಟ್ಟನೆ ಹೊಟ್ಟೆ ಉಬ್ಬಿಸಿತು. ದೋಣಿ ಪೂರ್ತಿ ಒಂದು ಮಗ್ಗುಲಿಗೆ ವಾಲಿತು. ಹೆಣ್ಣುಮಕ್ಕಳು ದೇವರ ಹೆಸರು ಕೂಗಿದರು. "ಬಿಡು, ಬಿಡು!" ಎಂದು ಅಂಬಿಗ, "ಹಿಡಿ, ಹಿಡಿ!" ಎಂದು ನಾನು. ಕಾಕಾ ಬುದ್ಧಿವಂತರು, ಅಂಬಿಗನ ಮಾತು ಕೇಳಿದರು. ನಾನು ಇನ್ನೊಂದು ಗಳಿಗೆ ಹಿಡಿದುಕೊಂಡೆ. ಮರುಗಳಿಗೆಗೆ ಫ್ಲೆಕ್ಸ್ ಕೈಬಿಟ್ಟು ಹಾರಿತು. ನಾನು ಮೋರಟಗಿಯ ಒಬ್ಬ ಅಜ್ಜಿಯ ಬುತ್ತಿಯ ಮೇಲೆ ಕೂತೆ. ರೊಟ್ಟಿಗಳು ಮುರಿದ ಸದ್ದು ನನಗೂ ಕೇಳಿಸಿತು.

"ಯಪ್ಪಾ, ಸಜ್ಜಿರೊಟ್ಟಿ ಕಟಕ್ ಇದ್ದವು, ನೀ ಕುಂತು ಪುಡಿ ಮಾಡಿದಿ," ಅಂದಳು ಅಜ್ಜಿ, ಸಿಟ್ಟಿಲ್ಲದೆ.

ಫ್ಲೆಕ್ಸ್ ನೀರಿಗೆ ಬಿದ್ದು, ಅಕ್ಷರ ಮೇಲಾಗಿ ಅಂಗಾತ ತೇಲುತ್ತ, ನಮಗಿಂತ ಮೊದಲು ನಡುಗಡ್ಡೆಯ ಕಡೆ ಹೊರಟಿತು. ಎರಡೂ ದೋಣಿಗಳು ಅದರ ಬೆನ್ನು ಹತ್ತಿದವು. ನಡುಗಡ್ಡೆಯನ್ನು ಪ್ಲಾಸ್ಟಿಕ್ಕಿನಿಂದ ಉಳಿಸಲು ಹೊರಟ ನಮ್ಮ ಮೊದಲ ಕಾಣಿಕೆಯಾಗಿ ಉದ್ದನೆಯ ಒಂದು ಪ್ಲಾಸ್ಟಿಕ್ ಹಾಳೆ ದಂಡೆಗೆ ಹೋಗಿ ಬಡಿಯಿತು. ಬಾಯಾರು ಇಳಿದವರೇ ಅದನ್ನು ಎಳೆದು, ಬೆರಳಿನಿಂದ ತಿಕ್ಕಿ ನೋಡಿದರು.

"ಇದು ಯಾತರದೋ?"

"ಫ್ಲೆಕ್ಸ್ ರೀ."

"ಫ್ಲೆಕ್ಸ್ ಅಂದ್ರ ಅರಿವಿ, ಬಟ್ಟಿ ಏನು?"

ನಾನು ಹೆಂಡತಿಯ ಮುಖ ನೋಡಿದೆ. ಅವಳು ನೀರಿನ ಕಡೆ ನೋಡುತ್ತಿದ್ದಳು. "ಅಲ್ರಿ, ಪ್ಲಾಸ್ಟಿಕ್ಕೇರಿ," ಅಂದೆ.

ಬಾಯಾರು ಮರಾಠಿಯಲ್ಲಿ ಏನೋ ಅಂದರು. ನನಗೆ ಮರಾಠಿ ಅಷ್ಟಾಗಿ ಬರುವುದಿಲ್ಲ, ಆದರೂ ಪೂರ್ತಿ ತಿಳಿಯಿತು.

ಕೆಲಸ ಶುರುವಾಯಿತು. ಬಾಯಾರು ಎಲ್ಲರನ್ನೂ ಸಾಲು ನಿಲ್ಲಿಸಿ, ಸೀಟಿ ಊದಿ, ಗುಡಿಯ ಸುತ್ತ ಒಬ್ಬೊಬ್ಬರಿಗೆ ಒಂದೊಂದು ಕಡೆ ಹಂಚಿಕೊಟ್ಟರು. ನೀರಿನ ಪೌಚು, ಗುಟ್ಕಾ ಚೀಟಿ, ಥರ್ಮಾಕೋಲ್ ತಾಟು, ಪ್ಲಾಸ್ಟಿಕ್ ಹೂವಿನ ಹಾರ, ತೆಂಗಿನಕಾಯಿ ತಂದ ಚೀಲ. ನೆಲ ಕೆದರಿದಷ್ಟೂ ಕೆಳಗೆ ಹಳೆಯ ವರ್ಷದ ಕಸ, ಅದರ ಕೆಳಗೆ ಅದಕ್ಕೂ ಹಳೆಯದು. ಬಗ್ಗಿ ಎದ್ದು ಬಗ್ಗಿ ನನ್ನ ಸೊಂಟ ಮಾತಾಡತೊಡಗಿತು. ಅಂಗಿಯ ಬಿಳಿ ಎಲ್ಲಿತ್ತೆಂದು ನಾನೇ ಹುಡುಕಬೇಕಾಗಿತ್ತು. ಆದರೂ ಒಂದು ಚೀಲ ತುಂಬಿದಾಗ ಖುಷಿಯಾಯಿತು. ಇಷ್ಟೆಲ್ಲ ಯಾವ ಬುದ್ಧಿಗೇಡಿಗಳು ಎಸೆದು ಹೋದರೋ ಎಂದು ಪಕ್ಕದಲ್ಲಿದ್ದ ಕಾಕಾರಿಗೆ ದೊಡ್ಡ ದನಿಯಲ್ಲಿ ಹೇಳಿದೆ. "ಹೆಸರು ಬರದಿಟ್ಟು ಹೋಗಿದ್ರ ಹಿಡೀಬಹುದಿತ್ತು ಕಾಕಾ!"

ಈ ಮಾತು ಬಾಯಿಂದ ಬಿದ್ದು ಬಹಳ ಹೊತ್ತಾಗಿರಲಿಲ್ಲ, ಗುಡಿಯ ಹಿಂದಿನ ಜಾಲಿಕಂಟಿಯ ಕಡೆಯಿಂದ ಬಾಯಾರ ಸೀಟಿ ಕೇಳಿಸಿತು. ಎಲ್ಲರೂ ಓಡಿದೆವು. ಕಂಟಿಯ ನೆರಳಿನಲ್ಲಿ ಒಂದು ಹಳೆಯ ಫ್ಲೆಕ್ಸ್ ಹಾಸಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಬಂದು ಇಲ್ಲೇ ಉಳಿದ ಒಂದು ಕಂದು ಬಣ್ಣದ ನಾಯಿ ಅದರ ಮೇಲೆ ಮರಿ ಹಾಕಿ ಮಲಗಿತ್ತು. ಜನ ಕಂಡು ನಾಯಿ ಎದ್ದು ಸರಿಯಿತು. ಅದು ಮಲಗಿದ್ದ ಜಾಗದಲ್ಲಿ ಒಂದು ಮುಖ ಇತ್ತು. ಮುಖಕ್ಕೆ ತಲೆತುಂಬ ಕೂದಲಿತ್ತು. ಕೊರಳಿತ್ತು.

ಯಾವುದೋ ವರ್ಷ ಗುಡಿಯ ಅನ್ನಸಂತರ್ಪಣೆಗೆಂದು ನಾನೇ ಪುಕ್ಕಟೆ ಮಾಡಿಕೊಟ್ಟದ್ದು. ದೇವರ ಚಿತ್ರ, ಕೊಡುಗೈ ದಾನಿಗಳ ಚಿತ್ರಗಳೆಲ್ಲ ಬಿಸಿಲಿಗೆ ಬಣ್ಣ ಹೋಗಿ ಬೆಳ್ಳಗಾಗಿದ್ದವು. ನಾಯಿಯ ಮೈ ಅಡ್ಡವಿದ್ದ ಕಾರಣ ನಾನೊಬ್ಬನೇ ಹೊಸದರ ಹಾಗೆ ಉಳಿದಿದ್ದೆ.

"ಯಾರಿದು? ಯಾರರ ಗುರ್ತು ಹಿಡೀತೀರೇನು?" ಬಾಯಾರು ಕೇಳಿದರು. ಎಲ್ಲರೂ ಬಗ್ಗಿ ನೋಡಿದರು. ಯಾರಿಗೂ ಗುರುತು ಸಿಗಲಿಲ್ಲ. ಇದರಿಂದ ನನಗೆ ಸಮಾಧಾನವಾಯಿತೋ ಬೇಜಾರಾಯಿತೋ ಹೇಳಲಾರೆ. ನಾನು ಎರಡು ಹೆಜ್ಜೆ ಹಿಂದೆ ಸರಿದು ಬೇವಿನ ಮರದ ಕೊಂಬೆಗಳನ್ನು ಅಧ್ಯಯನ ಮಾಡತೊಡಗಿದೆ.

ಆಗ ಇಂಡಿಯ ಕಾಕಾ ಕನ್ನಡಕ ಏರಿಸಿ, "ಕೆಳಗ ಫೋನ್ ನಂಬರ್ ಐತ್ರಿ ಬಾಯಾರ. ತಡೀರಿ, ಹಚ್ಚಿ ಕೇಳೂಣು," ಎಂದು ತಮ್ಮ ಮೊಬೈಲು ತೆಗೆದರು.

ಊರಿನ ಒಳಗೆ ನನ್ನ ಅಂಗಡಿಯಲ್ಲೇ ಸಿಗದ ಸಿಗ್ನಲ್ಲು ಆ ನೀರಿನ ನಡುವೆ ಹೇಗೆ ಸಿಕ್ಕಿತೋ! ನನ್ನ ಕಿಸೆಯಲ್ಲಿ ಭಕ್ತಿಗೀತೆ ಶುರುವಾಯಿತು. ನಾನು ಕಿಸೆಯ ಮೇಲೆ ಕೈ ಒತ್ತಿದೆ. ಹಾಡು ಇನ್ನೂ ಜೋರಾಯಿತು. ಕಾಕಾ ಮೊಬೈಲು ಕಿವಿಗೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು.

"ತಮ್ಮಾ, ನಿನ್ನ ಫೋನ್ ಬಾರಸಾಕತ್ತೈತಿ ನೋಡು," ಅಂದರು ಕಾಕಾ. ಅವರಿಗೆ ಪಾಪ, ಆಗಲೂ ತಿಳಿದಿರಲಿಲ್ಲ.

ಮೊದಲು ನಕ್ಕವಳು ನನ್ನ ಹೆಂಡತಿ. ಅವಳು ಕಸದ ಚೀಲದ ಮೇಲೆ ಕೂತೇ ಬಿಟ್ಟಳು. ಆಮೇಲೆ ನಾಲ್ಕೂ ತಾಲೂಕು ನಕ್ಕಿತು. ಬಾಯಾರು ಮಾತ್ರ ನಗಲಿಲ್ಲ. ಆ ಮುಖವನ್ನೂ ನನ್ನ ಮುಖವನ್ನೂ ಮತ್ತೆ ಮತ್ತೆ ನೋಡಿ, "ಹೆಸರು ಬರದಿಟ್ಟು ಹೋಗಿದ್ರ ಅಂದಿದ್ದಿ. ಫೋಟೋನೂ ಇಟ್ಟು ಹೋಗೀದಿ," ಅಂದರು. ದೂರದಿಂದ ಅವರು ನನ್ನ ಭಾಷಣ ಕೇಳಿಸಿಕೊಂಡಿದ್ದರು.

ಮರಿಗಳನ್ನು ಹೆಣ್ಣುಮಕ್ಕಳು ಗೋಣಿಚೀಲದ ಮೇಲೆ ಸರಿಸಿ ಮಲಗಿಸಿದರು. ನಾನು ನನ್ನನ್ನು ಮಡಚಿ ಬಗಲಲ್ಲಿ ಹಿಡಿದುಕೊಂಡು ದೋಣಿ ಹತ್ತಿದೆ. ಮುರಿದ ಸಜ್ಜೆರೊಟ್ಟಿಯ ಚೂರಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ ಹಾಕಿ ಅಜ್ಜಿ ಎಲ್ಲರಿಗೂ ಕೊಟ್ಟಳು. ನನಗೆ ತುಸು ಹೆಚ್ಚೇ ಕೊಟ್ಟಳು. ಮರುಕ ಎಂದು ತಿಳಿದೂ ತಿಂದೆ, ಹಸಿವಾಗಿತ್ತು.

ಇದಾದ ಮೇಲೆ ನಾನು ಆ ಕಡೆ ತಲೆ ಹಾಕುವುದಿಲ್ಲ ಎಂದು ತೀರ್ಮಾನಿಸಿದ್ದೆ. ಬಾಯಾರು ಬೇರೆ ತೀರ್ಮಾನ ಮಾಡಿದ್ದರು. ಮೂರನೆಯ ದಿನ ಅಂಗಡಿಗೆ ಬಂದು, "ಮೊದಲ ನೀ ಕುಂಚದಲೆ ಬೋರ್ಡ್ ಬರೀತಿದ್ದಿಲ್ಲ? ಇನ್ನ ನಡುಗಡ್ಡಿ ಕೆಲಸಕ್ಕ ಫ್ಲೆಕ್ಸ್ ಬ್ಯಾಡ. ಗ್ವಾಡಿ ಮ್ಯಾಲೆ ಬರಿ, ಅರಿವಿ ಮ್ಯಾಲೆ ಬರಿ," ಅಂದರು.

ಅದು ನಿಜ. ಮಶೀನು ಬರುವ ಮೊದಲು ನಾನು ಪೇಂಟರ್ ಆಗಿದ್ದೆ, ಜನ ಈಗಲೂ ಹಾಗೇ ಕರೆಯುತ್ತಾರೆ. ಆದರೆ ಕುಂಚ ಮುಟ್ಟಿ ಒಂದು ಕಾಲವಾಗಿತ್ತು. ಅಟ್ಟದಿಂದ ಇಳಿಸಿದ ಕುಂಚಗಳು ಕಟ್ಟಿಗೆಯ ಹಾಗೆ ಗಟ್ಟಿಯಾಗಿದ್ದವು. ನನ್ನ ಕೈಯೂ ಅಷ್ಟೇ. ಸಂಜೆ ಅಂಗಡಿ ಮುಚ್ಚಿದ ಮೇಲೆ ಹಳೆಯ ಧೋತರದ ಮೇಲೆ ಅಕ್ಷರ ತಿದ್ದಿದೆ. ನನ್ನ 'ಡ'ಗಳನ್ನು ನೋಡಿ ಹೆಂಡತಿ, ಇವಕ್ಕೆ ಜ್ವರ ಬಂದಿದೆಯೇ ಎಂದು ಕೇಳಿದಳು.

ದಂಡೆಯ ಮೇಲೆ ದೋಣಿಗೆ ಕಾಯುವವರಿಗೊಂದು ಕೋಣೆ ಇದೆ. ಅದರ ಗೋಡೆಗೆ 'ಇಲ್ಲಿ ಕಸ ಹಾಕಬೇಡಿ' ಎಂದು ದೊಡ್ಡದಾಗಿ ಬರೆಯಬೇಕೆಂದು ಅಪ್ಪಣೆಯಾಯಿತು. ಕಂಪ್ಯೂಟರಿನಲ್ಲಿ ಜಾಗ ಸಾಲದಿದ್ದರೆ ಅಕ್ಷರ ಸಣ್ಣದು ಮಾಡಬಹುದು. ಗೋಡೆಯ ಮೇಲೆ ಆ ಸೌಲಭ್ಯ ಇಲ್ಲ ಎಂಬುದನ್ನು ನಾನು ಮರೆತಿದ್ದೆ. ಉಮೇದಿನಲ್ಲಿ ಮೊದಲ ಅಕ್ಷರಗಳನ್ನು ಆಳೆತ್ತರ ಬರೆದೆ. 'ಹಾಕ' ಎಂಬಲ್ಲಿಗೆ ಗೋಡೆ ಮುಗಿಯಿತು. ಏಣಿಯ ಮೇಲೆ ಸ್ವಲ್ಪ ಹೊತ್ತು ನಿಂತು ಯೋಚಿಸಿ, 'ಬೇಡಿ' ಎಂಬುದನ್ನು ಮೂಲೆ ತಿರುಗಿಸಿ ಪಕ್ಕದ ಗೋಡೆಗೆ ಬರೆದೆ. ಓದುವವರು ತಿರುಗಿ ಓದುತ್ತಾರೆ ಎಂಬ ಭರವಸೆ. ಪಕ್ಕದ ಗೋಡೆಗೆ ತಾಗಿ ಜಾಲಿಕಂಟಿ ಬೆಳೆದಿತ್ತು.

ನಮ್ಮ ಕಡೆಯ ಮಾತಿನಲ್ಲಿ 'ಹಾಕ' ಅಂದರೆ ಹಾಕು ಎಂದೇ ಅರ್ಥ. ಎಂಟೊಂಬತ್ತು ದಿನ ಬಿಟ್ಟು ಅಂಬಿಗನ ಫೋನು ಬಂತು.

"ಪೇಂಟರ್, ನೀವು ಬರದ ಮ್ಯಾಲೆ ಜನಾ ಭಾಳ ಶಿಸ್ತ್ ಕಲತಾರ್ರಿ."

"ಹೌದಾ? ನೋಡ್ರಿ ಮತ್ತ, ಅಕ್ಷರದ ಶಕ್ತಿ ಅಂದ್ರ ಅದು."

"ಎಲ್ಲಾರೂ ಕಸಾ ತಂದು ನಿಮ್ಮ ಗ್ವಾಡಿ ಬುಡಕ್ಕೇ ಹಾಕಾಕತ್ತಾರ್ರಿ. ಗ್ವಾಡಿ ಅರ್ಧಾ ಮುಚ್ಚೇತಿ."

ಬಣ್ಣದ ಡಬ್ಬಿ ಹಿಡಿದು ಓಡಿದೆ. ಬಾಯಾರು ನನಗಿಂತ ಮೊದಲೇ ಬಂದು ಗೋಡೆಯ ಮುಂದೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಮೈದಾನ ಎಷ್ಟು ಸುತ್ತು ಓಡಬೇಕೋ ಎಂದುಕೊಂಡೆ. ಅವರು ಗೋಡೆ ನೋಡಿದರು, ಕಸ ನೋಡಿದರು, ನಡುಗಡ್ಡೆಯ ಕಡೆ ನೋಡಿದರು. "ಅಳಸಬ್ಯಾಡ," ಅಂದರು.

"ಯಾಕ್ರಿ?"

"ಅಲ್ಲಿಂದ ವಾಪಸ್ ತಂದು ಇಲ್ಲಿ ಹಾಕ್ಯಾರೋ ಇಲ್ಲೋ? ನಮಗ ಬೇಕಾದದ್ದು ಅದೇ. ನಡುಗಡ್ಡಿ ಮ್ಯಾಲೆ ಬಿಟ್ಟು ಬರೂದಕ್ಕಿಂತ ಇಲ್ಲಿ ಹಾಕೂದು ಪಾಡ. ಇಲ್ಲಿಗೆ ಗಾಡಿ ಬರತೈತಿ, ಹೊತ್ತು ಒಯ್ಯತೈತಿ."

ಕಾಕಾರ ಗೋಣಿಚೀಲಗಳು ಅಲ್ಲಿ ಸಾಲಾಗಿ ಬಾಯಿ ತೆರೆದು ನಿಂತವು. ಪಕ್ಕದ ಗೋಡೆಯ 'ಬೇಡಿ'ಯನ್ನು ಮಾತ್ರ ನಾನೇ ಸುಣ್ಣ ಬಳಿದು ಮುಚ್ಚಿದೆ. ಕಂಟಿಯ ಮುಳ್ಳು ಚುಚ್ಚಿ ಕೈಯೆಲ್ಲ ಗೀರು. ಅಭಿಯಾನಕ್ಕೆ ನಾನು ಕೊಟ್ಟ ಅತ್ಯಂತ ಉಪಯುಕ್ತ ಕಾಣಿಕೆ ಆ ಅರ್ಧ ವಾಕ್ಯ ಎಂದು ಬಾಯಾರು ಈಗಲೂ ಹೇಳುತ್ತಾರೆ. ಹೊಗಳಿಕೆ ಅಲ್ಲ ಎಂದು ಗೊತ್ತಿದ್ದರೂ ಹೊಗಳಿಕೆಯೆಂದೇ ಇಟ್ಟುಕೊಂಡಿದ್ದೇನೆ.

ಎಳ್ಳ ಅಮಾವಾಸ್ಯೆ ಬಂತು. ಆ ದಿನಕ್ಕೆಂದು ಬಾಯಾರು ಕಲ್ಯಾಣ ಮಂಟಪದಿಂದ ಸ್ಟೀಲಿನ ತಾಟು, ಸಣ್ಣ ಬಟ್ಟಲಿನಂಥ ವಾಟಿ ತರಿಸಿದ್ದರು. ದೋಣಿ ಹತ್ತುವವರು ಪ್ಲಾಸ್ಟಿಕ್ ತಾಟು, ಬಾಟಲಿ, ಪೌಚು ದಂಡೆಯಲ್ಲೇ ಇಟ್ಟು ಸ್ಟೀಲಿನ ತಾಟು ಒಯ್ಯಬೇಕು, ಉಂಡು ತೊಳೆದು ತಂದುಕೊಡಬೇಕು. ಕುಡಿಯುವ ನೀರಿನ ಕೊಡಗಳನ್ನು ಗುಡಿಯ ಹತ್ತಿರ ಇಡಿಸಿದ್ದರು. ತಾಟು ಹಂಚುವ ಕೆಲಸ ನನಗೂ ನನ್ನ ಹೆಂಡತಿಗೂ ಬಂತು. ಬೆಳಗಿನಿಂದ ಟೆಂಪೋ, ಟ್ರ್ಯಾಕ್ಟರು, ಟಂಟಂ. ಬಹಳ ಜನ ಗೊಣಗಿದರೂ ಒಪ್ಪಿದರು. ಕೆಲವರು ಮನೆಯಿಂದಲೇ ತಾಟು ತಂದಿದ್ದರು. ಎಣಗಾಯಿ, ಪುಂಡಿಪಲ್ಯದ ವಾಸನೆಗೆ ನನ್ನ ಗಮನ ಆಗಾಗ ತಪ್ಪುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಎರಡು ಜೀಪು ಬಂದು ನಿಂತವು. ಇಳಿದವರು ನಮ್ಮ ಕಡೆಯ ಒಬ್ಬ ದೊಡ್ಡ ಸಾವಕಾರರು, ಹಿಂದೆ ಅವರ ಮಂದಿ. ಸಾವಕಾರರು ನನ್ನ ಅತಿ ದೊಡ್ಡ ಗಿರಾಕಿ. ಅವರ ಹುಟ್ಟುಹಬ್ಬಕ್ಕೆ ಪ್ರತಿ ಸರ್ಕಲ್ಲಿನಲ್ಲೂ ಅವರ ಮುಖ ತೂಗುತ್ತದೆ. ಆ ಮುಖ ಅಲ್ಲಿಗೆ ನನ್ನ ಅಂಗಡಿಯಿಂದಲೇ ಹೋಗುತ್ತದೆ. ಅವರ ಮಂದಿಯ ಒಬ್ಬನ ತಲೆಯ ಮೇಲೆ ಥರ್ಮಾಕೋಲ್ ತಾಟುಗಳ ಪೆಟ್ಟಿಗೆ, ಇನ್ನೊಬ್ಬನ ಹೆಗಲ ಮೇಲೆ ಫ್ಲೆಕ್ಸಿನ ಸುರುಳಿ. ಆ ಸುರುಳಿ ಕಂಡ ಕೂಡಲೇ ಗುರುತು ಹಿಡಿದೆ. ಹಿಂದಿನ ವಾರ ನಾನೇ ಛಾಪಿಸಿದ್ದು. ಎಲ್ಲಿ ಕಟ್ಟಲಿಕ್ಕೆ ಎಂದು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಾನು ತಾಟುಗಳ ರಾಶಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ವಾಟಿ ಒರೆಸತೊಡಗಿದೆ.

"ಸಾವಕಾರ್ರ, ನಮಸ್ಕಾರ್ರಿ," ಎಂದು ನನ್ನ ಹೆಂಡತಿ ಮುಂದೆ ಹೋದಳು. "ಊಟಾ ಮಾಡ್ರಿ, ಚರಗಾ ಚೆಲ್ರಿ. ಆ ಥರ್ಮಾಕೋಲ್ ತಾಟು, ಆ ಫ್ಲೆಕ್ಸು ಮಾತ್ರ ಇಲ್ಲೇ ಇಟ್ಟು ಹೋಗ್ರಿ. ತಾಟು ನಾವು ಕೊಡ್ತೇವ್ರಿ."

"ಯಾಕ? ನಮ್ಮ ಫ್ಲೆಕ್ಸ್ ಏನ್ ಮಾಡತೈತಿ?"

"ಗಾಳಿಗೆ ಹರದು ನೀರಾಗ ಬೀಳತೈತ್ರಿ."

"ಏ ತಂಗಿ, ಇದು ನಿಮ್ಮ ಅಂಗಡ್ಯಾಗ ಮಾಡಿಸಿದ್ದೇ ಐತಿ. ಎಲ್ಲದಾನ ನಿನ್ನ ಗಂಡ?"

ನನ್ನ ಹೆಂಡತಿ ಸುಳ್ಳು ಹೇಳುವುದಿಲ್ಲ. ಅದೊಂದು ಕೆಟ್ಟ ಗುಣ ಅವಳದು. ತಾಟುಗಳ ಕಡೆ ಕೈ ಮಾಡಿದಳು. ನಾನು ಕೈಯಲ್ಲಿ ವಾಟಿ ಹಿಡಿದುಕೊಂಡೇ ಎದ್ದು ನಿಂತೆ. ಒಂದು ಕಡೆ ಸಾವಕಾರರು, ಇನ್ನೊಂದು ಕಡೆ ಸೀಟಿಯನ್ನು ತುಟಿಯ ಹತ್ತಿರ ಒಯ್ದ ಬಾಯಾರು. ಸರದಿಯಲ್ಲಿ ನಿಂತ ಜನ ಕತ್ತು ಚಾಚಿ ನೋಡುತ್ತಿದ್ದರು.

"ಏನ್ ಪೇಂಟರ್, ನಮ್ಮ ಕೆಲಸ ಇನ್ನ ಮ್ಯಾಲೆ ಬ್ಯಾಡಾತೇನು?"

ಪರಿಸರ, ನದಿ, ಮುಂದಿನ ಪೀಳಿಗೆ ಎಂದು ಬಾಯಾರು ಹೇಳಿಕೊಟ್ಟದ್ದೆಲ್ಲ ಆ ಗಳಿಗೆಯಲ್ಲಿ ಮರೆತುಹೋಯಿತು. ಬಾಯಿಗೆ ಬಂದದ್ದು ನನ್ನದೇ ಕಥೆ.

"ಸಾವಕಾರ್ರ, ಹಂಗಲ್ರಿ. ಅಲ್ಲಿ ಗುಡಿ ಹಿಂದ ನಂದೂ ಒಂದು ಫೋಟೋ ಬಿದ್ದಿತ್ರಿ. ಅದರ ಮ್ಯಾಲೆ ನಾಯಿ ಮರಿ ಹಾಕಿತ್ರಿ."

"ನಾಯಿ?"

"ಹೌದ್ರಿ. ಸರಿಯಾಗಿ ನನ್ನ ಮುಖದ ಮ್ಯಾಲೇ, ಮಾರಿ ಮ್ಯಾಲೇ ಮಲಗಿತ್ತು. ನಾಲ್ಕೂ ತಾಲೂಕಿನ ಜನಾ ನೋಡ್ಯಾರ್ರಿ, ಬೇಕಾದ್ರ ಕೇಳ್ರಿ." ಇಂಡಿಯ ಕಾಕಾ ಸರದಿಯಲ್ಲಿದ್ದರು, ಗಂಭೀರವಾಗಿ ತಲೆಯಾಡಿಸಿದರು. "ನಂದು ಸಣ್ಣ ಫೋಟೋ ಇತ್ರಿ, ನಾಯಿಗೆ ಇಕ್ಕಟ್ಟ ಆಗಿತ್ತು. ನಿಮ್ಮ ಮಾರಿ ಭಾಳ ದೊಡ್ಡದು ಛಾಪಿಸೇನ್ರಿ."

ಸರದಿಯಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಸಾವಕಾರರ ಮಂದಿಯೇ ಮುಖ ಆಚೆ ತಿರುಗಿಸಿದರು. ಸಾವಕಾರರು ನನ್ನನ್ನು ನೋಡಿದರು, ಆ ಸುರುಳಿಯನ್ನು ನೋಡಿದರು. ಹೆಗಲ ಮೇಲೆ ಹೊತ್ತವನಿಗೆ, "ಲೇ, ಒಯ್ದು ಜೀಪಿನ್ಯಾಗ ಇಡು. ಮ್ಯಾಲೆ ಏನೂ ಇಡಬ್ಯಾಡ," ಅಂದರು. ಆಮೇಲೆ ತಾವೇ ಕೈ ಚಾಚಿ ಸ್ಟೀಲಿನ ತಾಟು ತೆಗೆದುಕೊಂಡರು. ಹೋಗುವಾಗ, "ಆ ನಾಯಿ ಇನ್ನೂ ಅಲ್ಲೇ ಐತೇನು?" ಎಂದು ಮೆಲ್ಲಗೆ ಕೇಳಿದರು.

ಬಾಯಾರು ಸೀಟಿ ಊದದೆ ಕೆಳಗಿಳಿಸಿದರು. ನನ್ನ ಹೆಂಡತಿ ನನ್ನ ಕೈಯಲ್ಲಿದ್ದ ವಾಟಿ ಇಸಿದುಕೊಂಡು, "ಒರೆಸಿ ಒರೆಸಿ ತೂತು ಬಿದ್ದೀತು," ಅಂದಳು. ಅಷ್ಟೇ. ಆದರೆ ಆ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನನ್ನ ತಾಟಿಗೆ ಬಿದ್ದ ಶೇಂಗಾ ಹೋಳಿಗೆಯ ಮೇಲಿನ ತುಪ್ಪ ಪ್ರತಿ ವರ್ಷಕ್ಕಿಂತ ತುಸು ಹೆಚ್ಚೇ ಇತ್ತು.

ನಡುಗಡ್ಡೆ ಕನ್ನಡಿಯಂತಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮರುದಿನ ಹೋಗಿ ನೋಡಿದಾಗ ಬೇವಿನ ಪೊಟರೆಯಲ್ಲಿ ಗುಟ್ಕಾ ಚೀಟಿ ತುರುಕಿದ್ದರು, ಗುಡಿಯ ಹಿಂದೆ ಬಾಟಲಿಗಳೂ ಇದ್ದವು. ಕೆಲವು ತಾಟುಗಳು ವಾಪಸು ಬರಲಿಲ್ಲ. ಆದರೆ ಹಿಂದಿನ ವರ್ಷಗಳಲ್ಲಿ ಕಾಲಿಡಲು ಜಾಗ ಇಲ್ಲದಲ್ಲಿ ಈ ಸಲ ಮಣ್ಣು ಕಾಣುತ್ತಿತ್ತು. ಅಂಗಡಿಯಲ್ಲಿ ನಾನು ಫ್ಲೆಕ್ಸ್ ಮಾಡುವುದನ್ನು ಪೂರ್ತಿ ಬಿಟ್ಟಿಲ್ಲ, ಅಂಥ ದೊಡ್ಡ ಮನುಷ್ಯ ನಾನಲ್ಲ. ಗುಡಿ, ನದಿ, ನಡುಗಡ್ಡೆ ಎಂದು ಬಂದವರಿಗೆ ಮಾತ್ರ ಬಟ್ಟೆಯ ಮೇಲೆ ಬರೆದುಕೊಡುತ್ತೇನೆ. 'ಡ'ಗಳ ಜ್ವರ ಇಳಿದಿದೆ. ಸಾವಕಾರರು ಒಂದು ತಿಂಗಳು ಮುನಿಸಿಕೊಂಡಿದ್ದು ಮತ್ತೆ ಬಂದರು.

ಬೇಸಿಗೆಯ ಮೊದಲಿಗೆ ಇಂಡಿಯ ಕಾಕಾ ನಮ್ಮೆಲ್ಲರನ್ನೂ ತಮ್ಮ ಕಡೆಗೆ ಕರೆಸಿಕೊಂಡರು. ಭೀಮೆಯ ನಡುವೆ ಅಲ್ಲಿಯೂ ಒಂದು ಸಣ್ಣ ನಡುಗಡ್ಡೆ ಇದೆ, ಅದಕ್ಕೂ ನಮ್ಮದೇ ಗತಿ. ಅವರ ಲಿಂಬೆತೋಟದ ನೆರಳಿನಲ್ಲಿ ಶರಬತ್ತು ಕುಡಿದು ಹೊರಟೆವು. ನಾನು ಬಟ್ಟೆ, ಬಣ್ಣ, ಕುಂಚ ಎಲ್ಲ ಸಜ್ಜು ಮಾಡಿಕೊಂಡು ಹೋಗಿದ್ದೆ. ನದಿಯಲ್ಲಿ ನೀರು ಕಡಿಮೆ ಇತ್ತು, ಹರಿವು ಮಾತ್ರ ಜೋರು. ತುಂಬಿದ ಚೀಲಗಳನ್ನು ಏರಿಸುವಾಗ ಸಣ್ಣ ದೋಣಿ ನಿಲ್ಲದೆ ಸರಿಯುತ್ತಿತ್ತು. ಬಾಯಾರು ಸುತ್ತ ನೋಡಿ, ಎಲ್ಲರ ಮೈಕಟ್ಟನ್ನು ಅಳೆದು, ನನ್ನ ಕಡೆ ಬೆರಳು ಮಾಡಿದರು.

"ಬರಿಯೂದು ಆಮ್ಯಾಲೆ ಬರೀವಂತಿ. ನೀ ಭಾರ ಅದಿ, ನೀರಾಗ ಇಳಿದು ದೋಣಿ ಹಿಡಕೊಂಡು ನಿಲ್ಲು."

ಪ್ಯಾಂಟು ಮಡಚಿ ಇಳಿದೆ. ನೀರು ಮೊಣಕಾಲಿಗೆ ಬಂತು, ತಣ್ಣಗಿತ್ತು. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕಾಲು ಅಗಲಿಸಿ ನಿಂತೆ. ಹೆಣ್ಣುಮಕ್ಕಳು ಚೀಲದ ಮೇಲೆ ಚೀಲ ಹಾಕುತ್ತಿದ್ದರು. ದೋಣಿ ಎಳೆಯುತ್ತಿತ್ತು, ನಾನು ಅಲುಗಾಡಲಿಲ್ಲ.